ತಜ್ಞರ ಉತ್ತರ: ಲಿಸ್ಬನ್ನಿನಲ್ಲಿ ಕೊಂಡ 1768ರ ಚಿನ್ನದ ನಾಣ್ಯ ಅಸಲಿಯೇ, ನಕಲಿಯೇ?

ಪ್ರಶ್ನೆ: ಮಾನ್ಯರೇ, ನಾನು ಮೂಲತಃ ಕುಂದಾಪುರದವನು. ಆರು ವರ್ಷಗಳಿಂದ ಲಿಸ್ಬನ್ನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹಳೆಯ ಪೋರ್ಚುಗೀಸ್ ಚಿನ್ನದ ನಾಣ್ಯಗಳನ್ನು ಸಂಗ್ರಹಿಸುವ ಆಸೆ ಹುಟ್ಟಿ, ಕಳೆದ ವಾರ ಇಲ್ಲಿನ ವ್ಯಾಪಾರಿಯೊಬ್ಬರ ಜಾಲತಾಣದಿಂದ ಒಂದನೇ ಜೊಸೆ ದೊರೆಯ 6400 ರೇಯಿಸ್ (ಅಂದಿನ ಪೋರ್ಚುಗೀಸ್ ಹಣ) ನಾಣ್ಯವೊಂದನ್ನು ಕೊಂಡೆ. ದೊರೆಯ ಎದೆಮಟ್ಟದ ಚಿತ್ರದ ಕೆಳಗೆ 1768 ಎಂಬ ಇಸವಿಯೂ ಅದರ ಪಕ್ಕದಲ್ಲಿ ಆರ್ ಅಕ್ಷರವೂ ಇವೆ. ವ್ಯಾಪಾರಿ ‘ಸೊಬೆರ್ಬಾ’ ದರ್ಜೆ ಎಂದು ಬರೆದಿದ್ದರು. ಕೈಗೆ ಬಂದ ನಾಣ್ಯ ಹೊಸ ಒಡವೆಯ ಹಾಗೆ ಹೊಳೆಯುತ್ತಿದೆ. ತೂಕ 14.24 ಗ್ರಾಂ, ಇರಬೇಕಾದದ್ದು 14.34 ಎಂದು ಓದಿದ್ದೇನೆ. ದೊರೆಯ ತಲೆಯ ನೇರಕ್ಕೆ ಅಂಚಿನಲ್ಲಿ ಸುಮಾರು 3 ಮಿಲಿಮೀಟರ್ ಜಾಗ ನುಣುಪಾಗಿದೆ, ಅಲ್ಲಿ ಬಣ್ಣವೂ ತುಸು ಕೆಂಪು. ಸಹೋದ್ಯೋಗಿಯೊಬ್ಬರು ‘ತೂಕ ಕಡಿಮೆ, ಹಿಂಬದಿಯಲ್ಲಿ ಬೆಲೆಯನ್ನೇ ಬರೆದಿಲ್ಲ, ಇದು ನಕಲಿ’ ಎನ್ನುತ್ತಾರೆ. ಒಡವೆ ಅಂಗಡಿಯವರು ಪರೀಕ್ಷಿಸಿ ‘22 ಕ್ಯಾರಟ್ ಇದೆ, ಹಾಗಾಗಿ ಅಸಲಿ’ ಎಂದರು. ಯಾರನ್ನು ನಂಬಲಿ? ಆ ನುಣುಪು ಜಾಗವನ್ನು ಸರಿಪಡಿಸಬಹುದೇ? ಮ್ಯಾನುಯೆಲ್ ದೊರೆಯ ದೊಡ್ಡ ‘ಪೊರ್ತುಗೇಸ್’ ನಾಣ್ಯವೊಂದು ಅಂತರ್ಜಾಲದಲ್ಲಿ ಅಗ್ಗಕ್ಕೆ ಬಂದಿದೆ, ಕೊಳ್ಳಬಹುದೇ? ಡಿಸೆಂಬರಿನಲ್ಲಿ ಊರಿಗೆ ಬರುವಾಗ ನಾಣ್ಯವನ್ನು ತಂದು ತಂದೆಯವರಿಗೆ ತೋರಿಸಿ, ಮತ್ತೆ ಲಿಸ್ಬನ್ನಿಗೆ ಒಯ್ಯಬಹುದೇ?

ಉತ್ತರ: ನೀವು ಪತ್ರದ ಜೊತೆ ಕಳಿಸಿದ ಚಿತ್ರಗಳನ್ನು ನಿಧಾನವಾಗಿ ನೋಡಿದೆ. ನಾಣ್ಯವನ್ನು ಕೈಯಲ್ಲಿ ಹಿಡಿಯದೆ ಪ್ರಮಾಣಪತ್ರ ಕೊಡುವ ಅಭ್ಯಾಸ ನನಗಿಲ್ಲವಾದರೂ, ನಿಮ್ಮ ಸಹೋದ್ಯೋಗಿ ಮತ್ತು ಒಡವೆ ಅಂಗಡಿಯವರು ಇಬ್ಬರೂ ತಪ್ಪು ಕಾರಣಗಳ ಮೇಲೆ ತೀರ್ಪು ಕೊಟ್ಟಿದ್ದಾರೆ ಎಂದು ಧೈರ್ಯವಾಗಿ ಹೇಳಬಲ್ಲೆ. ನನ್ನ ಅಂದಾಜಿನಲ್ಲಿ ಇದು ಬ್ರೆಜಿಲ್ಲಿನ ರಿಯೊ ಡಿ ಜನೈರೊ ಟಂಕಸಾಲೆಯಲ್ಲಿ ಅಚ್ಚಾದ ಅಸಲಿ ನಾಣ್ಯ. ಆದರೆ ಯಾವುದೋ ಕಾಲದಲ್ಲಿ ಇದಕ್ಕೆ ಕೊಂಡಿ ಬೆಸೆದು ಯಾರದೋ ಕೊರಳಿಗೆ ಹಾಕಿದ್ದಾರೆ, ಮುಂದೆ ಕೊಂಡಿಯನ್ನು ಕಿತ್ತು, ಗುರುತು ಕಾಣದಂತೆ ಉಜ್ಜಿ ಬೆಳಗಿದ್ದಾರೆ. ಆದ್ದರಿಂದ ನಿಮ್ಮ ಮುಂದಿರುವ ಪ್ರಶ್ನೆ ಅಸಲಿಯೋ ನಕಲಿಯೋ ಎಂಬುದಕ್ಕಿಂತಲೂ, ಟಂಕಸಾಲೆಯಿಂದ ಹೊರಬಿದ್ದ ಮೇಲೆ ಈ ನಾಣ್ಯಕ್ಕೆ ಏನೇನು ಮಾಡಿದ್ದಾರೆ ಎಂಬುದು.

ಮೊದಲು ಸಹೋದ್ಯೋಗಿಯ ಮಾತನ್ನು ತೆಗೆದುಕೊಳ್ಳೋಣ. 1722ರಲ್ಲಿ ಐದನೇ ಜುವಾಂವ್ ದೊರೆ ಜಾರಿಗೆ ತಂದ ಈ ಸಾಲಿನ ನಾಣ್ಯಗಳಲ್ಲಿ ಮುಂಬದಿಗೆ ದೊರೆಯ ಮುಖ, ಹೆಸರು, ಇಸವಿ, ಕೆಲವೊಮ್ಮೆ ಟಂಕಸಾಲೆಯ ಅಕ್ಷರ, ಹಿಂಬದಿಗೆ ಕಿರೀಟ ಹೊತ್ತ ರಾಜಲಾಂಛನ ಇವಿಷ್ಟೇ ಇರುತ್ತವೆ. ಬೆಲೆಯನ್ನು ಎಲ್ಲಿಯೂ ಕೆತ್ತಿಲ್ಲ. 6400 ರೇಯಿಸ್ ಎಂಬುದು ಕಾನೂನು ಗೊತ್ತುಮಾಡಿದ ಬೆಲೆ, ಜನ ಅದನ್ನು ‘ಪೆಸಾ’ ಎಂದು ಕರೆದರು. ಹಾಗಾಗಿ ಬೆಲೆ ಇಲ್ಲದಿರುವುದು ಕೊರತೆಯಲ್ಲ. ಇದ್ದಿದ್ದರೆ ನಾನು ಗಾಬರಿಯಾಗುತ್ತಿದ್ದೆ. ತೂಕದ ವಿಚಾರವೂ ಹೀಗೆಯೇ. ಎರಡೂವರೆ ಶತಮಾನ ಕೈಯಿಂದ ಕೈಗೆ, ಚೀಲದಿಂದ ಚೀಲಕ್ಕೆ ಹೋದ ಚಿನ್ನ 0.10 ಗ್ರಾಂ ಕಳೆದುಕೊಂಡಿದ್ದರೆ ಅದು ಸಹಜ ಸವೆತದ ಮಿತಿಯೊಳಗೇ ಇದೆ. ನನಗೆ ಅನುಮಾನ ಬರುವುದು ಇದಕ್ಕೆ ತದ್ವಿರುದ್ಧವಾದ ಸಂದರ್ಭದಲ್ಲಿ: ಕೂದಲಿನ ಸುರುಳಿಗಳೆಲ್ಲ ಸವೆದು ಮಟ್ಟಸವಾಗಿರುವ ನಾಣ್ಯ ತಕ್ಕಡಿಯಲ್ಲಿ ಮಾತ್ರ ಪೂರ್ತಿ 14.34 ತೂಗಿದರೆ, ಸವೆದದ್ದು ನಾಣ್ಯವಲ್ಲ, ಸವೆದ ನಾಣ್ಯದಿಂದ ತೆಗೆದ ಅಚ್ಚು ಎಂದು ಅರ್ಥ.

ಒಡವೆ ಅಂಗಡಿಯವರ ಪರೀಕ್ಷೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಈ ನಾಣ್ಯಗಳ ಅಧಿಕೃತ ಶುದ್ಧತೆ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ 22 ಕ್ಯಾರಟ್. ಅದು ಹೊಂದಿಕೆಯಾಯಿತು, ಸಂತೋಷ. ಆದರೆ ಒರೆಗಲ್ಲಾಗಲಿ ಯಂತ್ರವಾಗಲಿ ಹೇಳುವುದು ಲೋಹದ ವಿಚಾರವನ್ನು. ಅಚ್ಚು ಯಾರದು ಎಂಬುದನ್ನು ಅವು ಹೇಳಲಾರವು. ಬ್ರೆಜಿಲ್ಲಿನ ಮಿನಾಸ್ ಜೆರೈಸ್ ಪ್ರಾಂತ್ಯದ ಪರಾವೊಪೆಬಾ ಎಂಬಲ್ಲಿ ಗುಟ್ಟಾಗಿ ನಡೆಯುತ್ತಿದ್ದ ಟಂಕಸಾಲೆಯೊಂದನ್ನು 1731ರಲ್ಲಿ ಸರ್ಕಾರ ಪತ್ತೆಹಚ್ಚಿ ಮುಚ್ಚಿಸಿತು. ಗಣಿಯಿಂದ ಬಂದ ಚಿನ್ನದಲ್ಲಿ ಐದನೇ ಒಂದು ಪಾಲನ್ನು ದೊರೆಗೆ ಒಪ್ಪಿಸಬೇಕೆಂಬ ನಿಯಮವಿತ್ತು, ಅದನ್ನು ತಪ್ಪಿಸುವುದೇ ಅಂಥವರ ಉದ್ದೇಶ. ತೆರಿಗೆಗಳ್ಳನಿಗೆ ಹಿತ್ತಾಳೆ ಬೆರೆಸುವ ಅಗತ್ಯವೇ ಇಲ್ಲ ಎಂಬುದನ್ನು ಗಮನಿಸಿ. ನಮ್ಮ ಕಾಲದ ನಕಲಿಗಾರರಲ್ಲಿಯೂ ಸರಿಯಾದ ಚಿನ್ನದಲ್ಲಿ, ಸರಿಯಾದ ತೂಕಕ್ಕೆ ಒತ್ತುವವರಿದ್ದಾರೆ. ಚಿನ್ನದ ಬೆಲೆಗೂ ಸಂಗ್ರಾಹಕ ತೆರುವ ಬೆಲೆಗೂ ಇರುವ ಅಂತರವೇ ಅವರ ಸಂಪಾದನೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಮಾತ್ರ ಹೇಳಿಬಿಡುತ್ತೇನೆ. ನೂರನೇ ಒಂದು ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳನೆಯ ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 0.80 ಗ್ರಾಂ ಆಸುಪಾಸು ತೋರಿಸಿದರೆ, 14.24ನ್ನು ಅದರಿಂದ ಭಾಗಿಸಿದಾಗ 17.8 ಬರುತ್ತದೆ. ಉಳಿದ ಪಾಲು ತಾಮ್ರವೋ ಬೆಳ್ಳಿಯೋ ಎಂಬುದರ ಮೇಲೆ 22 ಕ್ಯಾರಟ್ ಚಿನ್ನದ ಸಾಂದ್ರತೆ ಸುಮಾರು 17.6ರಿಂದ 18ರ ನಡುವೆ ಇರುತ್ತದೆ. ಮೇಲೆ ಚಿನ್ನ ಲೇಪಿಸಿ ಒಳಗೆ ಬೇರೆ ಲೋಹ ತುಂಬಿದ ಹೆಚ್ಚಿನ ಮೋಸಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ.

ಇನ್ನು ಅಂಚು. ಈ ವೃತ್ತಿಗೆ ಬಂದ ಹೊಸಬರಿಗೆ ನಾನು ಮೊದಲು ಕಲಿಸುವುದು ಮುಖ ನೋಡುವುದನ್ನಲ್ಲ, ಅಂಚು ಓದುವುದನ್ನು. ಕೈಯಿಂದ ಸುತ್ತಿಗೆ ಹೊಡೆದು ಮಾಡುತ್ತಿದ್ದ ಹಳೆಯ ನಾಣ್ಯಗಳ ಅಂಚಿನಿಂದ ಚಿನ್ನವನ್ನು ಕತ್ತರಿಸಿ ಕದಿಯುವುದು ಸುಲಭವಾಗಿತ್ತು. ಪೋರ್ಚುಗಲ್ ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ ಯಂತ್ರದ ಅಚ್ಚಿಗೆ ಬಂದಿತು, ಅಂಚಿನ ಸುತ್ತಲೂ ನಕಾಶೆ ಒತ್ತಿ ಕತ್ತರಿಸಿದರೆ ಗೊತ್ತಾಗುವ ಹಾಗೆ ಮಾಡಿತು. ಅಂದು ಕಳ್ಳರನ್ನು ತಡೆಯಲು ಮಾಡಿದ ಆ ನಕಾಶೆ ಇಂದು ನಮಗೆ ನಾಣ್ಯದ ಜಾತಕ ಇದ್ದ ಹಾಗೆ. ಮೇಜಿನ ಮೇಲೆ ಒಂದೇ ದೀಪ ಇಟ್ಟು, ನಾಣ್ಯವನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿಸುವ ಭೂತಕನ್ನಡಿಯಲ್ಲಿ ನೋಡುತ್ತ ಮೆಲ್ಲಗೆ ತಿರುಗಿಸಿ. ನಕಾಶೆ ಸವೆದಿದ್ದರೆ ಸುತ್ತಲೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ಸವೆದಿರಬೇಕು. ನಿಮ್ಮ ಮೂರನೆಯ ಚಿತ್ರದಲ್ಲಿ ಅದು ದೊರೆಯ ತಲೆಯ ನೇರಕ್ಕೆ ಬಂದೊಡನೆ ಚಾಕುವಿನಿಂದ ಕೊಯ್ದಂತೆ ನಿಂತು, 3 ಮಿಲಿಮೀಟರ್ ಆಚೆ ಮತ್ತೆ ಶುರುವಾಗುತ್ತದೆ. ಅಲ್ಲಿನ ಕೆಂಪು ಛಾಯೆ ಬೆಸುಗೆಯ ಪಳೆಯುಳಿಕೆ. ಬೇಗ ಕರಗಲೆಂದು ಬೆಸುಗೆಯ ಚಿನ್ನಕ್ಕೆ ಬೇರೆ ಲೋಹಗಳನ್ನು ಹೆಚ್ಚು ಬೆರೆಸುತ್ತಾರೆ. ಒಡವೆ ಅಂಗಡಿಯ ಯಂತ್ರದಲ್ಲಿ ನಾಣ್ಯದ ನಡುಭಾಗವನ್ನೂ ಈ ಜಾಗವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಎಂದು ಕೇಳಿ. ಎರಡು ಅಂಕಿಗಳು ಬೇರೆ ಬಂದರೆ ವಾದವೇ ಉಳಿಯುವುದಿಲ್ಲ.

ಇದೇ ಅಂಚು ಅಚ್ಚೆರಕದ ನಕಲಿಗಳನ್ನೂ ಹಿಡಿದುಕೊಡುತ್ತದೆ. ಎರಕದಲ್ಲಿ ಎರಡು ಅರ್ಧಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿ ಮುಚ್ಚಿರುತ್ತಾರೆ, ಆಗ ನಕಾಶೆ ಸುತ್ತಲೂ ಮಂಕಾಗುತ್ತದೆ. ನಿಮ್ಮ ನಾಣ್ಯದಲ್ಲಿ ನುಣುಪು ಒಂದೇ ಕಡೆ ಇದ್ದು ಉಳಿದೆಡೆ ನಕಾಶೆ ಚುರುಕಾಗಿದೆ. ಇದು ಅಸಲಿ ಎಂದು ನಾನು ಅಂದಾಜಿಸಿದ್ದು ಮುಖ್ಯವಾಗಿ ಇದರಿಂದಲೇ. ಅಕ್ಷರಗಳ ಬುಡದಲ್ಲಿ ಎರಕದ ಗುಳ್ಳೆಗಳೂ ಕಾಣಲಿಲ್ಲ. 1768ರ ರಿಯೊ ಪೆಸಾ ಅಪರೂಪದ್ದೇನಲ್ಲ ಎಂಬುದೂ ಒಂದು ಸಮಾಧಾನ, ಏಕೆಂದರೆ ಕೈಚಳಕದ ನಕಲಿಗಾರ ಸಾಮಾನ್ಯವಾಗಿ ಅಪರೂಪದ ಇಸವಿಯ ಬೆನ್ನು ಹತ್ತುತ್ತಾನೆ.

ಕೊಂಡಿ ಬೆಸೆದ ಪೋರ್ಚುಗೀಸ್ ನಾಣ್ಯಗಳು ಇಷ್ಟೊಂದು ಏಕೆ ಸಿಗುತ್ತವೆ ಎಂದು ನೀವು ಕೇಳಿಲ್ಲ, ಆದರೆ ಕೊಳ್ಳುವವರಿಗೆ ಇದು ಗೊತ್ತಿರಬೇಕು. 1690ರ ದಶಕದಲ್ಲಿ ಮಿನಾಸ್ ಜೆರೈಸ್‌ನಲ್ಲಿ ಚಿನ್ನ ಸಿಕ್ಕಿದ ಮೇಲೆ ಬಾಹಿಯಾ, ರಿಯೊ ಮತ್ತು 1724ರಿಂದ ಹತ್ತು ವರ್ಷ ಮಿನಾಸ್‌ನಲ್ಲಿಯೇ ಟಂಕಸಾಲೆಗಳು ನಡೆದವು. ಮುಖದ ಕೆಳಗಿನ ಬಿ, ಆರ್, ಎಂ ಅಕ್ಷರಗಳು ಇವನ್ನೇ ಸೂಚಿಸುತ್ತವೆ. ಲಿಸ್ಬನ್ನಿನ ಎಷ್ಟೋ ನಾಣ್ಯಗಳಲ್ಲಿ ಅಕ್ಷರವೇ ಇಲ್ಲ. ಈ ಚಿನ್ನ ಪೋರ್ಚುಗಲ್ಲಿನಲ್ಲಿ ನಿಲ್ಲಲಿಲ್ಲ. ಇಂಗ್ಲೆಂಡಿನೊಡನೆ 1703ರಲ್ಲಿ ಆದ ಮೆಥುಯೆನ್ ಒಪ್ಪಂದದ ನಂತರ ಇಂಗ್ಲಿಷ್ ಬಟ್ಟೆಯ ಲೆಕ್ಕಕ್ಕೆ ಅದು ಲಂಡನ್ನಿಗೆ ಹರಿಯಿತು. ಅಲ್ಲಿ ಹಳೆಯ 4000 ರೇಯಿಸ್ ನಾಣ್ಯ 27 ಷಿಲಿಂಗಿಗೂ ನಿಮ್ಮಲ್ಲಿರುವ ಪೆಸಾ 36 ಷಿಲಿಂಗಿಗೂ ನಡೆದವು. ಅಮೆರಿಕದ ವಸಾಹತುಗಳಲ್ಲಿ ಜುವಾಂವ್ ದೊರೆಯ ಲ್ಯಾಟಿನ್ ಹೆಸರನ್ನೇ ಮೊಟಕುಗೊಳಿಸಿ ಇವನ್ನು ‘ಜೋ’ ಎಂದು ಕರೆದರು. ಕೆರಿಬಿಯನ್ ದ್ವೀಪಗಳಲ್ಲಿ ಅಂಚು ಕತ್ತರಿಸಿ, ನಡುವೆ ತೂತು ಕೊರೆದು ಚಿನ್ನದ ಬೆಣೆ ಹೊಡೆದು, ತಮ್ಮ ಮುದ್ರೆ ಒತ್ತಿ ಚಲಾಯಿಸಿದರು. ಇಷ್ಟು ಊರುಗಳಲ್ಲಿ ಓಡಾಡಿದ, 32 ಮಿಲಿಮೀಟರಿನಷ್ಟು ಅಗಲದ, ಸುಂದರವಾದ ಚಿನ್ನದ ಬಿಲ್ಲೆ ಚಲಾವಣೆ ನಿಂತ ಮೇಲೆ ಪದಕವಾಗದೆ ಇದ್ದೀತೇ? ನಮ್ಮಲ್ಲಿ ಪವನುಗಳನ್ನು ಕಾಸಿನ ಸರಕ್ಕೆ ಪೋಣಿಸಿದ ಹಾಗೆಯೇ ಅಲ್ಲಿಯೂ ಆಯಿತು. ಒಂದು ಮಾತು: ಬೆಣೆ ಹೊಡೆದು ಮುದ್ರೆ ಒತ್ತಿದ ನಾಣ್ಯಕ್ಕೆ ಆ ಗಾಯವೇ ಇತಿಹಾಸ, ಮುದ್ರೆ ಅಸಲಿಯಾಗಿದ್ದರೆ ಬೆಲೆ ಏರುತ್ತದೆ. ಕೊಂಡಿ ಕಿತ್ತ ಕಲೆಗೆ ಆ ಭಾಗ್ಯವಿಲ್ಲ.

ಹೊಳಪಿನ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾದದ್ದು. ಅಚ್ಚಿನಿಂದ ಬಂದ ಕಾಂತಿ ನಾಣ್ಯವನ್ನು ಓರೆ ಮಾಡಿದಾಗ ಗಾಡಿಯ ಚಕ್ರದ ಅರೆಗಳಂತೆ ಮೇಲ್ಮೈಯಲ್ಲಿ ತಿರುಗುತ್ತದೆ. ಬೆಳಗಿದ ಹೊಳಪು ಕನ್ನಡಿಯಂತೆ ನಿಂತಲ್ಲೇ ನಿಂತಿರುತ್ತದೆ, ಒಳಗೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಹರಿದಿರುತ್ತವೆ. ನಿಮ್ಮದು ಎರಡನೆಯ ಬಗೆ. ಪೋರ್ಚುಗೀಸರ ದರ್ಜೆಗಳಲ್ಲಿ ‘ಸೊಬೆರ್ಬಾ’ಕ್ಕಿಂತ ಮೇಲೆ ಇರುವುದು ಚಲಾವಣೆಯನ್ನೇ ಕಾಣದ ‘ಫ್ಲೋರ್ ಡಿ ಕುನ್ಯೊ’ ಮಾತ್ರ, ಕೆಳಗೆ ‘ಬೆಲಾ’ ಮತ್ತು ಎಂಬಿಸಿ (ಚೆನ್ನಾಗಿ ಉಳಿದದ್ದು) ಬರುತ್ತವೆ. ಕಿವಿಯ ಮೇಲಿನ ಸುರುಳಿ ಸವೆದಿರುವ, ಬೆಳಗಿರುವ, ಕೊಂಡಿಯ ಕಲೆ ಇರುವ ನಾಣ್ಯಕ್ಕೆ ಆ ದರ್ಜೆ ಸಲ್ಲದು. ನಾನೂ ವೃತ್ತಿಯ ಮೊದಲ ದಿನಗಳಲ್ಲಿ, ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಬಿಗಿಯಾಗಿ ಕೂರಿಸಿದ್ದ ಒಂದು ಪೆಸಾವನ್ನು ತೆಗೆದು ನೋಡುವ ಸಂಕೋಚಕ್ಕೆ ಹಾಗೆಯೇ ಕೊಂಡೆ. ಚೌಕಟ್ಟಿನ ತುಟಿ ಮುಚ್ಚಿದ್ದ ಜಾಗದಲ್ಲಿಯೇ ಕೊಂಡಿಯ ಕಲೆ ಇತ್ತು. ಆಮೇಲೆ ಎಂದೂ ಅಂಚು ತೋರಿಸದವರಿಂದ ನಾಣ್ಯ ಕೊಂಡಿಲ್ಲ.

ಆ ನುಣುಪು ಜಾಗವನ್ನು ಸರಿಪಡಿಸಬಹುದೇ ಎಂದು ಕೇಳಿದ್ದೀರಿ. ಒಳ್ಳೆಯ ಅಕ್ಕಸಾಲಿಗ ಚಿನ್ನ ತುಂಬಿ, ನಕಾಶೆಯನ್ನು ಕೈಯಲ್ಲಿ ಕೆತ್ತಿ ಕೊಡಬಲ್ಲ, ದಯವಿಟ್ಟು ಮಾಡಿಸಬೇಡಿ. ಈಗ ಅದು ಪ್ರಾಮಾಣಿಕವಾಗಿ ಕಾಣುವ ಒಂದು ದೋಷ. ಮುಚ್ಚಿದ ಮೇಲೆ ಅದು ಮೋಸವಾಗುತ್ತದೆ, ಮುಂದೆ ಕೊಳ್ಳುವವರು ಪತ್ತೆ ಮಾಡಿದಾಗ ಉತ್ತರ ಕೊಡಬೇಕಾದವರು ನೀವು. ಹಾಗೆಯೇ ಮನೆಯ ಬಳೆಗಳನ್ನು ತೊಳೆಯುವಂತೆ ಅಂಟುವಾಳದ ನೊರೆಯಲ್ಲಿ ಬ್ರಷ್ಷಿನಿಂದ ತಿಕ್ಕುವುದು ಕೂಡದು. ಬೆರಳಿನ ಜಿಡ್ಡು ಇದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ, ಉಜ್ಜದೆ ಆರಲು ಬಿಡಿ. ಅಲ್ಲಿಗೆ ನಿಲ್ಲಿಸಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದಕ್ಕೆ ಕಾಲಮಿತಿ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಅಂಗಡಿಗೆ ಹೋಗದೆ ದೂರದಿಂದ ಕೊಂಡ ವಸ್ತುವನ್ನು ಕೈಸೇರಿದ 14 ದಿನಗಳೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕು ಗ್ರಾಹಕರಿಗಿದೆ. ಚಿನ್ನದ ಬೆಲೆ ಮಾರುಕಟ್ಟೆಯಲ್ಲಿ ಏರಿಳಿಯುವುದರಿಂದ ಈ ಹಕ್ಕು ಅನ್ವಯಿಸದು ಎಂದು ಕೆಲವು ಮಾರಾಟಗಾರರು ವಾದ ಹೂಡುತ್ತಾರೆ. ಅದಕ್ಕಾಗಿಯೇ ನೀವು ‘ಮನಸ್ಸು ಬದಲಾಯಿತು’ ಎನ್ನದೆ, ‘ವಿವರಣೆಯಲ್ಲಿ ಸೊಬೆರ್ಬಾ ಎಂದಿತ್ತು, ಕೊಂಡಿ ತೆಗೆದ ವಿಚಾರ ಹೇಳಿರಲಿಲ್ಲ’ ಎಂದು ಬರೆಯಿರಿ, ಅಂಚಿನ ಚಿತ್ರ ಲಗತ್ತಿಸಿ, ಜಾಲತಾಣದಲ್ಲಿದ್ದ ವಿವರಣೆಯ ಪ್ರತಿಯನ್ನು ಇಂದೇ ಉಳಿಸಿಕೊಳ್ಳಿ. ಅನುಭವದಲ್ಲಿ ಹೇಳುವುದಾದರೆ ಹೆಸರಿಗೆ ಬೆಲೆ ಕೊಡುವ ವ್ಯಾಪಾರಿ ಇಂಥ ಪತ್ರಕ್ಕೆ ಮರುಮಾತಿಲ್ಲದೆ ಹಣ ಹಿಂದಿರುಗಿಸುತ್ತಾರೆ.

ನಾಣ್ಯವನ್ನು ಇಟ್ಟುಕೊಂಡು ಬೆಲೆ ತಗ್ಗಿಸಿಕೊಳ್ಳುವುದು ಇನ್ನೊಂದು ದಾರಿ. ಇದರಲ್ಲಿ ಶುದ್ಧ ಚಿನ್ನ 13.05 ಗ್ರಾಂ ಇದೆ. ಆ ದಿನದ ದರದಿಂದ ಗುಣಿಸಿದರೆ ಬರುವುದು ಕನಿಷ್ಠ ಬೆಲೆ. ಸಾಮಾನ್ಯ ಇಸವಿಯ, ಕೊಂಡಿ ಕಿತ್ತ ಪೆಸಾ ಆ ಕನಿಷ್ಠದಿಂದ ಬಹಳ ಮೇಲೇರುವುದಿಲ್ಲ. ನೀವು ಅದಕ್ಕೆ ಸಮೀಪದ ಬೆಲೆಗೆ ಪಡೆದರೆ ನಷ್ಟದ ಭಯವಿಲ್ಲದೆ ಇಟ್ಟುಕೊಳ್ಳಬಹುದು, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕವಿಲ್ಲ. ಎನ್‌ಜಿಸಿ ಅಥವಾ ಪಿಸಿಜಿಎಸ್‌ನಂಥ ಸಂಸ್ಥೆಗೆ ಕಳಿಸಿ ದರ್ಜೆ ಹಾಕಿಸುವುದನ್ನು ಈ ನಾಣ್ಯಕ್ಕೆ ನಾನು ಹೇಳಲಾರೆ. ಅವರು ಅಸಲಿ ಎಂದು ಒಪ್ಪಿದರೂ ಅಂಕಿಯ ದರ್ಜೆ ಕೊಡದೆ, ಕೊಂಡಿ ತೆಗೆದದ್ದು ಎಂದು ಚೀಟಿಯ ಮೇಲೆ ನಮೂದಿಸುತ್ತಾರೆ. ಖರ್ಚು ನಿಮ್ಮದು, ದೋಷ ಜಗಜ್ಜಾಹೀರು.

ಪೊರ್ತುಗೇಸ್ ವಿಚಾರ ಚಿಕ್ಕದಾಗಿ ಮುಗಿಸುತ್ತೇನೆ: ಕೊಳ್ಳಬೇಡಿ. ಮ್ಯಾನುಯೆಲ್ ದೊರೆ ಹತ್ತು ಕ್ರುಜಾದೊ (ಅಂದಿನ ಚಿಕ್ಕ ಚಿನ್ನದ ನಾಣ್ಯ) ಬೆಲೆಗೆ ಹೊರಡಿಸಿದ, ಸುಮಾರು 35 ಗ್ರಾಂ ತೂಕದ, ಹೆಚ್ಚುಕಡಿಮೆ ಅಪ್ಪಟ ಚಿನ್ನದ ಆ ನಾಣ್ಯದ ಬರಹದಲ್ಲಿ ಇಥಿಯೋಪಿಯಾ, ಅರೇಬಿಯಾ, ಪರ್ಷಿಯಾ ಮತ್ತು ಭಾರತದ ವಾಣಿಜ್ಯಕ್ಕೆ ತಾನು ಒಡೆಯನೆಂಬ ಬಿರುದು ಇದೆ. ಮುಂದೆ ಅವನ್ನು ರಾಶಿರಾಶಿಯಾಗಿ ಕರಗಿಸಿದ್ದರಿಂದ ಉಳಿದಿರುವುದು ಬಹಳ ಕಡಿಮೆ. 2008ರಲ್ಲಿ ನಮೀಬಿಯಾದ ಕರಾವಳಿಯ ವಜ್ರದ ಗಣಿಯಲ್ಲಿ ಸಿಕ್ಕಿದ ಹಡಗಿನ ಅವಶೇಷದ ಕಾಲವನ್ನು ಗುರುತಿಸಲು ನೆರವಾದದ್ದೇ ಅದರಲ್ಲಿದ್ದ ಮೂರನೇ ಜುವಾಂವ್ ದೊರೆಯ ಪೊರ್ತುಗೇಸ್‌ಗಳು. ಅವು ನಮೀಬಿಯಾ ಸರ್ಕಾರದ ವಶದಲ್ಲಿವೆ. ಹ್ಯಾಂಬರ್ಗಿನಂಥ ಉತ್ತರ ಯುರೋಪಿನ ಊರುಗಳು ಇದೇ ಮಾದರಿಯಲ್ಲಿ ಹೊರಡಿಸಿದ ದೊಡ್ಡ ಚಿನ್ನದ ನಾಣ್ಯಗಳೂ ಇವೆ, ಅವು ಮೋಸವಲ್ಲ, ಅವುಗಳ ಬೆಲೆಯೇ ಬೇರೆ. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವುದು ಇವೆರಡೂ ಅಲ್ಲ, ಸ್ಮರಣಿಕೆಗೆಂದು ಮಾಡಿದ ಪ್ರತಿ.

ಊರಿಗೆ ತರುವ ಪ್ರಶ್ನೆಯಲ್ಲಿ ಎಡವಿದವರನ್ನು ಹಲವರನ್ನು ಕಂಡಿದ್ದೇನೆ. ಭಾರತದ 1972ರ ಪುರಾವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವನ್ನು ಪುರಾವಸ್ತು ಎನ್ನುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವುದನ್ನು ನಿಷೇಧಿಸುತ್ತದೆ. ಅಂದರೆ ಡಿಸೆಂಬರಿನಲ್ಲಿ ಸುಲಭವಾಗಿ ಒಳಬಂದ ನಾಣ್ಯ ಜನವರಿಯಲ್ಲಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಒಳಬರುವಾಗಲೂ ಆಭರಣವಲ್ಲದ ಚಿನ್ನಕ್ಕೆ ಪ್ರಯಾಣಿಕರ ಸಾಮಾನಿನ ಸುಂಕ ವಿನಾಯಿತಿ ಅನ್ವಯಿಸುವುದಿಲ್ಲ, ಘೋಷಿಸಲೇಬೇಕು. ಘೋಷಿಸಿದ ವಸ್ತುವನ್ನು ಹಿಂದಿರುಗುವಾಗ ಪಡೆಯಲು ಸುಂಕದ ಅಧಿಕಾರಿಗಳ ಬಳಿಯೇ ಇರಿಸುವ ಅವಕಾಶವಿದೆ, ಆದರೆ ಆಗ ತಂದೆಯವರು ನಾಣ್ಯ ನೋಡಲು ವಿಮಾನ ನಿಲ್ದಾಣದ ಗೋದಾಮಿಗೆ ಹೋಗಬೇಕಾದೀತು! ಪೋರ್ಚುಗಲ್ಲಿನಿಂದ ಹೊರಗೆ ಒಯ್ಯಲು ಅಲ್ಲಿನ 2001ರ ಸಾಂಸ್ಕೃತಿಕ ಪರಂಪರೆಯ ಕಾಯ್ದೆಯನ್ನೂ ನೋಡಬೇಕು. ನಾಣ್ಯ ಲಿಸ್ಬನ್ನಿನ ಬ್ಯಾಂಕ್ ಲಾಕರಿನಲ್ಲಿರಲಿ, ಊರಿಗೆ ಒಳ್ಳೆಯ ಚಿತ್ರಗಳು ಬರಲಿ.

ಮುಂದೆ ಏನು ಕೊಳ್ಳಬಹುದು ಎಂದರೆ, ಒಂದೇ ನಾಣ್ಯವನ್ನು ಹಿಡಿದು ಆಳಕ್ಕೆ ಹೋಗುವುದು ನನಗೆ ಇಷ್ಟ. ಪೆಸಾವನ್ನೇ ಹಿಡಿದರೆ ಐದನೇ ಜುವಾಂವ್, ಜೊಸೆ, 1777ರಿಂದ ಮರಿಯಾ ಮತ್ತು ಮೂರನೇ ಪೆದ್ರು ಜೋಡಿಮುಖ, 1786ರಲ್ಲಿ ಪೆದ್ರು ತೀರಿಕೊಂಡ ಮೇಲೆ ವಿಧವೆಯ ಮುಸುಕಿನಲ್ಲಿ ಮರಿಯಾ, ಆಮೇಲೆ ರತ್ನಖಚಿತ ತಲೆಯುಡುಗೆಯಲ್ಲಿ ಅದೇ ರಾಣಿ ಹೀಗೆ ಒಂದು ಮನೆತನದ ಕಥೆಯೇ ಐದಾರು ನಾಣ್ಯಗಳಲ್ಲಿ ಸಿಗುತ್ತದೆ. 4000 ರೇಯಿಸ್ ಕಡೆ ಮನಸ್ಸು ಹೋದರೆ ಒಂದು ಎಚ್ಚರ: ಈ ಹೆಸರಿನವು ಎರಡು. ಪೋರ್ಚುಗಲ್ಲಿನ ಪ್ರಮಾಣದ್ದು 10.76 ಗ್ರಾಂ, 1688ರಲ್ಲಿ ಅದರ ಬೆಲೆಯನ್ನು ಶೇಕಡಾ 20 ಏರಿಸಿದ್ದರಿಂದ 4000 ಎಂದು ಬರೆದಿದ್ದರೂ 4800ಕ್ಕೆ ನಡೆಯುತ್ತಿತ್ತು. ಬ್ರೆಜಿಲ್ಲಿನೊಳಗೆ ಮಾತ್ರ ಚಲಾವಣೆಗೆಂದು ಹೊರಡಿಸಿದ್ದು ಸುಮಾರು 8 ಗ್ರಾಂ, ಅದರ ಬರಹದಲ್ಲಿ ‘ಬ್ರೆಜಿಲ್ಲಿನ ಒಡೆಯ’ ಎಂಬ ಅರ್ಥದ ಲ್ಯಾಟಿನ್ ಪದಗಳಿರುತ್ತವೆ. ಎರಡನೆಯದನ್ನು ಕಂಡು ಅಂಚು ಕತ್ತರಿಸಿದ ನಾಣ್ಯವೆಂದು ಬಿಟ್ಟವರಿದ್ದಾರೆ, ಮೊದಲನೆಯದರ ಬೆಲೆ ತೆತ್ತು ಎರಡನೆಯದನ್ನು ತಂದವರೂ ಇದ್ದಾರೆ.

ನೀವು ಕುಂದಾಪುರದವರಾದ್ದರಿಂದ ಗೋವೆಯ ಚಿನ್ನವನ್ನೂ ಒಮ್ಮೆ ನೋಡಿ. 1510ರಲ್ಲಿ ಅಲ್ಬುಕರ್ಕ್ ಗೋವೆಯಲ್ಲಿ ಟಂಕಸಾಲೆ ತೆರೆದಾಗ ಈ ಕಡೆಯ ವ್ಯಾಪಾರವೆಲ್ಲ ನಡೆಯುತ್ತಿದ್ದದ್ದು ವಿಜಯನಗರದ ವರಾಹದಲ್ಲಿ. ಪೋರ್ಚುಗೀಸರು ಅದನ್ನು ‘ಪರ್ದಾವ್’ ಎಂದರು. ನಮ್ಮ ‘ಪ್ರತಾಪ’ ಎಂಬ ಮಾತೇ ಅವರ ನಾಲಿಗೆಯಲ್ಲಿ ಹಾಗಾದದ್ದು. ಅವರು 1560ರ ದಶಕದ ಕೊನೆಯಲ್ಲಿ ನಿಮ್ಮ ನೆರೆಯ ಬಸರೂರಿನಲ್ಲಿ ಕೋಟೆ ಹಿಡಿದು ಅಕ್ಕಿ ಕೊಳ್ಳುವಾಗ ಎಣಿಸುತ್ತಿದ್ದ ಲೆಕ್ಕವೂ ಪರ್ದಾವ್‌ನಲ್ಲಿಯೇ. ಗೋವೆಯ ಚಿನ್ನದ ನಾಣ್ಯಗಳ ಮೇಲೆ ಒಂದು ಕಾಲಕ್ಕೆ ಸಂತ ತೋಮಸನ ಚಿತ್ರ, ಮುಂದೆ ಅವನ ಹೆಸರಿನ ಶಿಲುಬೆ ಬಂದವು. ಇವು ರಿಯೊದ ನಾಣ್ಯಗಳಷ್ಟು ದುಂಡಗಿಲ್ಲ, ಅಚ್ಚು ಅರ್ಧಂಬರ್ಧ ಬಿದ್ದಿರುತ್ತದೆ, ಅಂಚಿನ ನಕಾಶೆಯ ಆಸರೆಯೂ ನಿಮಗೆ ಸಿಗದು. ಹಾಗಾಗಿ ಇವನ್ನು ಹಳೆಯ ಹರಾಜಿನ ಪಟ್ಟಿಯಲ್ಲಿ ಚಿತ್ರಸಮೇತ ಪ್ರಕಟವಾಗಿರುವ, ಯಾರ ಸಂಗ್ರಹದಿಂದ ಬಂತೆಂದು ತೋರಿಸಬಲ್ಲ ಪ್ರತಿಯಾಗಿದ್ದರೆ ಮಾತ್ರ ಕೊಳ್ಳಿ. ಮೊದಲು ವ್ಯಾಪಾರಿಗೆ ಪತ್ರ ಬರೆಯಿರಿ. 14 ದಿನಗಳಲ್ಲಿ ಒಂದು ವಾರ ಆಗಲೇ ಕಳೆದಿದೆ.